ನ್ಯೂ ಲ್ಯಾನಾರ್ಕ್: ಮನೆಗಳಿಗೆ ಹತ್ತಕ್ಕೆ ಹತ್ತು, ಅಂಗಡಿಗಳಿಗೆ ಆರು

ಗ್ಲಾಸ್ಗೋಗೆ ನೆಂಟರು ಬಂದರೆ ಎಲ್ಲರೂ ಎಡಿನ್‌ಬರೋ ಕೋಟೆ, ಲಾಕ್ ಲೋಮಂಡ್ ಅಂತ ಕರೆದುಕೊಂಡು ಹೋಗುತ್ತಾರೆ. ನಾನು ನ್ಯೂ ಲ್ಯಾನಾರ್ಕ್‌ಗೆ ಕರೆದುಕೊಂಡು ಹೋಗುತ್ತೇನೆ. ಹಳೇ ಹತ್ತಿ ಮಿಲ್ಲು ನೋಡೋಕೆ ಇಷ್ಟು ದೂರ ಹೋಗಬೇಕಾ ಅಂತ ಹೊರಡುವಾಗ ಎಲ್ಲರೂ ಮೂಗು ಮುರಿಯುತ್ತಾರೆ. ವಾಪಸ್ ಬರುವಾಗ ರೈಲಿನಲ್ಲಿ ಬೇರೆ ಮಾತೇ ಇರುವುದಿಲ್ಲ, ಬರೀ ಅದರದ್ದೇ. ಈ ಸಲ ಅಪ್ಪ ಅಮ್ಮ ಬಂದಿದ್ದರು. ಇಲ್ಲಿರುವ ನಮ್ಮವರು ಆಗಾಗ ಕೇಳುತ್ತಿರುತ್ತಾರಲ್ಲ, ಹೋಗಬಹುದಾ, ದುಡ್ಡಿಗೆ ಮೋಸ ಇಲ್ವಾ, ಮಕ್ಕಳಿಗೆ ಬೋರ್ ಆಗುತ್ತಾ ಅಂತ, ಅವರಿಗೋಸ್ಕರ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಹೋಗುವ ದಾರಿ. ಗ್ಲಾಸ್ಗೋ ಸೆಂಟ್ರಲ್‌ನಿಂದ ಲ್ಯಾನಾರ್ಕ್‌ಗೆ ನೇರ ರೈಲಿದೆ, ಹೆಚ್ಚು ಕಡಿಮೆ ಒಂದು ಗಂಟೆ. ಅಲ್ಲಿಂದ ಹಳ್ಳಿಗೆ ಎರಡು ಕಿಲೋಮೀಟರ್ ಆಗಬಹುದು, ಬಸ್ಸೂ ಇದೆ, ನಡೆದೂ ಹೋಗಬಹುದು. ಕಾರಿನಲ್ಲಿ ಹೋದರೆ ಗುಡ್ಡದ ಮೇಲೆ ಪಾರ್ಕಿಂಗ್, ಅಲ್ಲಿಂದ ಇಳಿದು ಹೋಗಬೇಕು. ಇಳಿಯುವಾಗ ಮಜಾ. ಹತ್ತುವಾಗ ಮಂಡಿ ನೋವಿನವರು ನಿಮ್ಮನ್ನು ಬೈಯುವುದು ಗ್ಯಾರಂಟಿ. ಓಡಾಡಲು ಕಷ್ಟ ಇರುವವರಿಗೆ ಕೆಳಗೆ ಹಳ್ಳಿಯಲ್ಲೇ ಪಾರ್ಕಿಂಗ್ ಜಾಗ ಇಟ್ಟಿದ್ದಾರೆ.

ಹಾಗೆ ಇಳಿಯುತ್ತಾ ಹೋದರೆ ಒಂದು ತಿರುವಿನಲ್ಲಿ ಇಡೀ ಊರು ಒಟ್ಟಿಗೆ ಕಾಣುತ್ತದೆ. ಕ್ಲೈಡ್ ನದಿಯ ಕಣಿವೆ, ದಂಡೆಗೆ ಅಂಟಿಕೊಂಡ ದೊಡ್ಡ ದೊಡ್ಡ ಮಿಲ್ ಕಟ್ಟಡಗಳು, ಅವುಗಳ ಹಿಂದೆ ಸಾಲು ಸಾಲು ಮನೆಗಳು, ಎಲ್ಲಾ ಒಂದೇ ಬಣ್ಣದ ಮರಳುಗಲ್ಲು. ಇದು 1785ರಲ್ಲಿ ಶುರುವಾದ ಊರು. ಡೇವಿಡ್ ಡೇಲ್ ಅನ್ನುವ ಗ್ಲಾಸ್ಗೋ ವ್ಯಾಪಾರಿ, ನೂಲುವ ಯಂತ್ರಕ್ಕೆ ಹೆಸರಾದ ರಿಚರ್ಡ್ ಆರ್ಕ್‌ರೈಟ್ ಜೊತೆ ಸೇರಿ ಜಾಗ ಹುಡುಕಿದ್ದು. ಆರ್ಕ್‌ರೈಟ್ ಬೇಗ ಪಾಲುದಾರಿಕೆ ಬಿಟ್ಟ. ಡೇಲ್ ಉಳಿದುಕೊಂಡ. 1800ರಲ್ಲಿ ಅವನ ಅಳಿಯ ರಾಬರ್ಟ್ ಓವನ್ ಆಡಳಿತ ವಹಿಸಿಕೊಂಡ ಮೇಲೆ ಈ ಊರಿನ ಹೆಸರು ಯೂರೋಪಿಗೆಲ್ಲ ಹಬ್ಬಿತು. ಹತ್ತು ವರ್ಷದೊಳಗಿನ ಮಕ್ಕಳನ್ನು ಮಿಲ್ಲಿಗೆ ಸೇರಿಸಬೇಡಿ ಅಂದವನು ಇವನು. 1816ರಲ್ಲಿ ಪುಟ್ಟ ಮಕ್ಕಳಿಗೆ ಶಾಲೆ ತೆರೆದ, ಅಲ್ಲಿ ಹೊಡೆಯುವ ಹಾಗಿರಲಿಲ್ಲ, ಹಾಡು ಕುಣಿತ ಎಲ್ಲಾ ಇತ್ತು. ಅಮೆರಿಕದಿಂದ ಹತ್ತಿ ಬರುವುದು ನಿಂತು ನಾಲ್ಕು ತಿಂಗಳು ಮಿಲ್ಲು ಮುಚ್ಚಿದಾಗಲೂ ಪೂರ್ತಿ ಸಂಬಳ ಕೊಟ್ಟನಂತೆ. 1825ರಲ್ಲಿ ಮಿಲ್ಲು ಬೇರೆಯವರ ಕೈಗೆ ಹೋಯಿತು, ಓವನ್ ಅಮೆರಿಕದ ಇಂಡಿಯಾನಾದಲ್ಲಿ ಹೊಸ ಊರು ಕಟ್ಟೋಕೆ ಹೊರಟ. ಇಷ್ಟು ಸಾಕು, ಉಳಿದದ್ದು ಅಲ್ಲಿ ಪ್ರತಿ ಗೋಡೆಯ ಮೇಲೂ ಬರೆದಿದ್ದಾರೆ. ಓವನ್ ಪುರಾಣ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುವಷ್ಟು ಬರೆದಿದ್ದಾರೆ.

ನನಗೆ ಅದಕ್ಕಿಂತ ರುಚಿಸುವುದು ಆಮೇಲಿನ ಕಥೆ. ಮಿಲ್ಲು 1968ರಲ್ಲಿ ಮುಚ್ಚಿತು. ಕೊನೆಯ ಮಾಲೀಕರು ಹಗ್ಗ, ಬಲೆ, ಕ್ಯಾನ್ವಾಸ್ ಮಾಡುವ ಕಂಪನಿ. ಕೆಲಸ ಹೋದ ಮೇಲೆ ಜನ ಒಬ್ಬೊಬ್ಬರೇ ಊರು ಬಿಟ್ಟರು. ಸ್ವಲ್ಪ ವರ್ಷಕ್ಕೆ ಹಳೇ ಲೋಹದಿಂದ ಅಲ್ಯೂಮಿನಿಯಂ ತೆಗೆಯುವವರು ಬಂದು ಮಿಲ್ಲುಗಳನ್ನು ಕೊಂಡುಕೊಂಡರು. ಅಂದರೆ ಇವತ್ತು ಪ್ರವಾಸಿಗಳು ಸೆಲ್ಫಿ ತೆಗೆದುಕೊಳ್ಳುವ ಅಂಗಳ ಆಗ ಗುಜರಿ ಅಂಗಳ. ಛಾವಣಿ ಸೋರುತ್ತಿತ್ತು, ಕಟ್ಟಡ ಕೆಡವಿಬಿಡೋಣ ಅನ್ನುವ ಮಾತು ನಡೆದಿತ್ತು. 1974ರಲ್ಲಿ ನ್ಯೂ ಲ್ಯಾನಾರ್ಕ್ ಟ್ರಸ್ಟ್ ಹುಟ್ಟಿಕೊಂಡಿತು. 1983ರಲ್ಲಿ ಕಾನೂನಿನ ಬಲ ಉಪಯೋಗಿಸಿ ಗುಜರಿಯವರಿಂದ ಮಿಲ್ಲುಗಳನ್ನು ಬಿಡಿಸಿಕೊಂಡರು. 2001ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಓದೋಕೆ ಮೂರು ಸಾಲು, ಮಾಡೋಕೆ ಮೂವತ್ತು ವರ್ಷ. ಜಿಮ್ ಆರ್ನಾಲ್ಡ್ ಅನ್ನುವವರು 1974ರಲ್ಲಿ ಟ್ರಸ್ಟಿನ ಕೆಲಸಕ್ಕೆ ಸೇರಿ 2010ರವರೆಗೂ ಇದನ್ನೇ ಮಾಡಿದರು. ಒಂದು ಊರು ಎತ್ತಿ ನಿಲ್ಲಿಸೋಕೆ ಒಬ್ಬ ಮನುಷ್ಯನ ಪೂರ್ತಿ ನೌಕರಿ ಹಿಡಿಯುತ್ತದೆ ಅಂತಾಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಮಿಲ್ಲು ಇನ್ನೂ ನಡೆಯುತ್ತಿದ್ದಾಗಲೇ, 1963ರಲ್ಲಿ, ಒಂದು ಸಂಘ ಮಾಡಿಕೊಂಡು ಮೊದಲು ಕೈ ಹಾಕಿದ್ದು ಮನೆಗಳಿಗೆ. ಕೇತ್‌ನೆಸ್ ರೋ, ನರ್ಸರಿ ಬಿಲ್ಡಿಂಗ್ಸ್ ಅನ್ನುವ ಎರಡು ಸಾಲುಗಳಿಂದ ಶುರು. ಮ್ಯೂಸಿಯಂ, ಹೋಟೆಲ್, ಐಸ್‌ಕ್ರೀಂ ಎಲ್ಲಾ ಆಮೇಲೆ ಬಂದದ್ದು. ಹೋಟೆಲ್ ತೆರೆದದ್ದು 1998ರಲ್ಲಿ. ಮೊದಲು ಜನ, ಆಮೇಲೆ ಗಿರಾಕಿ. ನನ್ನ ಲೆಕ್ಕದಲ್ಲಿ ಈ ಊರು ಬದುಕಿದ್ದೇ ಅದರಿಂದ. ಮನೆಗಳನ್ನು ರಿಪೇರಿ ಮಾಡಿ ಕೆಲವನ್ನು ಬಾಡಿಗೆಗೆ ಕೊಟ್ಟರು, ಕೆಲವನ್ನು ನೀವೇ ಸರಿಪಡಿಸಿಕೊಂಡು ಇರಿ ಅಂತ ಮಾರಿದರು. ಇವತ್ತಿಗೂ ಸುಮಾರು 200 ಜನ ಇಲ್ಲಿ ವಾಸ ಮಾಡುತ್ತಾರೆ. ಓವನ್ ಕಾಲದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಇದ್ದರು, ಅದು ಬೇರೆ ಮಾತು.

ಅದಕ್ಕೇ ಟಿಕೆಟ್ ತೆಗೆದುಕೊಳ್ಳುವ ಮೊದಲು ಸುಮ್ನೆ ಊರೊಳಗೆ ಒಂದು ಸುತ್ತು ಹೊಡೆಯಿರಿ. ಊರಿನಲ್ಲಿ ಓಡಾಡೋಕೆ ದುಡ್ಡಿಲ್ಲ. ಎಲ್ಲಾ ಕಿಟಕಿಗೂ ಬಿಳಿ ಬಣ್ಣ, ಎಲ್ಲಾ ಒಂದೇ ನಮೂನೆ. ಎಷ್ಟು ತಲೆ ಎತ್ತಿ ನೋಡಿದರೂ ಒಂದು ಡಿಶ್ ಇಲ್ಲ, ಆಂಟೆನಾ ಇಲ್ಲ, ಗೋಡೆಯ ಮೇಲೆ ನೇತಾಡುವ ವೈರ್ ಇಲ್ಲ. ಕರೆಂಟು, ಫೋನು, ಟಿವಿ ಎಲ್ಲಾ ನೆಲದಡಿ ತಂದಿದ್ದಾರೆ. ಹಾಕಬಾರದು ಅಂತ ನಿಯಮವೇ ಇದೆ. ಹಾಗಂತ ಸಿನಿಮಾ ಸೆಟ್ ಥರ ಇಲ್ಲ. ಕಿಟಕಿಯಲ್ಲಿ ಹೂಕುಂಡ, ಬಾಗಿಲ ಹೊರಗೆ ಮಣ್ಣು ಮೆತ್ತಿದ ಬೂಟು, ಒಂದು ಕಡೆ ಮಗುವಿನ ಸೈಕಲ್. ನಾವು ಹೋದಾಗ ಒಬ್ಬರು ಕೈಯಲ್ಲಿ ಸೂಪರ್‌ಮಾರ್ಕೆಟ್ ಚೀಲ ಹಿಡಿದು, ಫೋಟೋ ತೆಗೆಯುತ್ತಿದ್ದ ನಮ್ಮ ಮಧ್ಯೆಯೇ ನುಸುಳಿಕೊಂಡು ತಮ್ಮ ಮನೆ ಬಾಗಿಲು ತೆಗೆದು ಒಳಗೆ ಹೋದರು. ವರ್ಷಕ್ಕೆ ಲಕ್ಷಗಟ್ಟಲೆ ಜನ ಅಂಗಳಕ್ಕೆ ಬಂದು ನಿಂತರೆ ಬದುಕೋದು ಹೇಗೆ ಅಂತ ಅಮ್ಮನ ಪ್ರಶ್ನೆ. ದಯವಿಟ್ಟು ಕಿಟಕಿಯೊಳಗೆ ಇಣುಕಬೇಡಿ. ನಮ್ಮವರಿಗೆ ಈ ಅಭ್ಯಾಸ ಸ್ವಲ್ಪ ಇದೆ.

ಸಾಲುಗಳ ಹೆಸರಲ್ಲೇ ಚರಿತ್ರೆ ಇದೆ. ಕೇತ್‌ನೆಸ್ ಅಂದರೆ ಸ್ಕಾಟ್ಲೆಂಡಿನ ಉತ್ತರದ ತುದಿ, ಅಲ್ಲಿಂದ ಕೆಲಸ ಹುಡುಕಿಕೊಂಡು ಬಂದವರಿಗಾಗಿ ಕಟ್ಟಿದ ಸಾಲು ಅದು. ನರ್ಸರಿ ಬಿಲ್ಡಿಂಗ್ಸ್ 1809ರದ್ದು, ಅನಾಥ ಮಕ್ಕಳಿಗಾಗಿ. ಅದಕ್ಕೆ ಮೊದಲು ಆ ಮಕ್ಕಳು ನಾಲ್ಕನೇ ಮಿಲ್ಲಿನೊಳಗೇ ಮಲಗುತ್ತಿದ್ದರು. ಡೇಲ್ ಕಾಲದಲ್ಲಿ ಅಂಥ ಮಕ್ಕಳು ಸುಮಾರು 500 ಇದ್ದರಂತೆ. ನ್ಯೂ ಬಿಲ್ಡಿಂಗ್ಸ್ ಮೇಲೆ ಗಂಟೆ ಗೋಪುರ ಇದೆ, ಜನರನ್ನು ಕೆಲಸಕ್ಕೆ ಕರೆಯುತ್ತಿದ್ದ ಗಂಟೆ.

ಟಿಕೆಟ್ ತೆಗೆದುಕೊಂಡರೆ ಕೆಲಸಗಾರರ ಮನೆ ಒಳಗೆ ಬಿಡುತ್ತಾರೆ. ಇದನ್ನು ತಪ್ಪಿಸಬೇಡಿ. ಒಂದು ಕೋಣೆ 1820ರ ಕಾಲದ್ದು, ಇನ್ನೊಂದು 1930ರ ಕಾಲದ್ದು. ಮೊದಲನೆಯದು ಪೂರ್ತಿ ಸಂಸಾರಕ್ಕೆ ಒಂದೇ ಕೋಣೆ. ಗೋಡೆಯೊಳಗೇ ಗೂಡು ಮಾಡಿ ಮಂಚ. ಅದರ ಕೆಳಗೆ ಗಾಲಿ ಹಾಕಿದ ಇನ್ನೊಂದು ಗಿಡ್ಡ ಮಂಚ, ರಾತ್ರಿ ಎಳೆದುಕೊಂಡು ಮಕ್ಕಳನ್ನು ಮಲಗಿಸೋದು, ಬೆಳಿಗ್ಗೆ ಒಳಗೆ ತಳ್ಳೋದು. ಅಮ್ಮ ಆ ಕೆಳಗಿನ ಮಂಚದ ಅಂಚು ಹಿಡಿದು ಬಗ್ಗಿ, ಎಷ್ಟು ಜನ ಹಿಡಿಸುತ್ತಾರೆ ಅಂತ ಗೇಣು ಹಾಕಿ ಅಳೆದರು. ಮೂರು ಮಕ್ಕಳು, ಅಡ್ಡಡ್ಡ ಮಲಗಿಸಿದರೆ ನಾಲ್ಕು ಅಂತ ತೀರ್ಮಾನ ಆಯಿತು. ಒಲೆ, ಪಾತ್ರೆ, ಬಟ್ಟೆ ಒಣಗಿಸುವ ಹಗ್ಗ ಎಲ್ಲಾ ಅದೇ ಕೋಣೆಯಲ್ಲಿ. ರಾತ್ರಿ ಒಂದು ಮಗು ಅತ್ತರೆ ಎಲ್ಲರೂ ಎದ್ದು ಕೂರಬೇಕು, ಬೆಳಿಗ್ಗೆ ಮಿಲ್ಲಿಗೆ ಬೇರೆ ಹೋಗಬೇಕು ಅಲ್ವಾ ಅಂದರು.

1930ರ ಕೋಣೆಗೆ ಬಂದರೆ ಜಾಸ್ತಿ ಆರಾಮ ಏನೂ ಕಾಣುವುದಿಲ್ಲ. ಮನೆಯೊಳಗೆ ತಣ್ಣೀರಿನ ನಲ್ಲಿ ಬಂದದ್ದೇ 1933ರಲ್ಲಿ. ಒಳಗಡೆ ಟಾಯ್ಲೆಟ್ ಕೂಡ ಆಗಲೇ, ಅಲ್ಲಿಯವರೆಗೆ ಹೊರಗೆ, ಎಲ್ಲರಿಗೂ ಸೇರಿ. ಕಂಪನಿ ಕರೆಂಟು ಪುಕ್ಕಟೆ ಕೊಡುತ್ತಿತ್ತು, ಆದರೆ ಕೋಣೆಗೆ ಒಂದೇ ಮಂದ ಬಲ್ಬು. ರಾತ್ರಿ ಹತ್ತಕ್ಕೆ ಆಫ್. ಶನಿವಾರ ಮಾತ್ರ ಹನ್ನೊಂದಕ್ಕೆ. 1955ರಲ್ಲಿ ರಾಷ್ಟ್ರೀಯ ಗ್ರಿಡ್‌ಗೆ ಸೇರಿದ ಮೇಲೆ ಈ ಕಾಟ ತಪ್ಪಿತು. ಲೋಡ್ ಶೆಡ್ಡಿಂಗ್ ನೋಡಿ ಬೆಳೆದ ನಮಗೆ ಇದು ತಕ್ಷಣ ಅರ್ಥವಾಗುತ್ತದೆ, ಪಕ್ಕದಲ್ಲಿದ್ದ ಇಂಗ್ಲಿಷ್ ಸಂಸಾರ ಮಾತ್ರ ಬಾಯಿ ಬಿಟ್ಟುಕೊಂಡು ಓದುತ್ತಿತ್ತು.

ಅದೇ ಟಿಕೆಟ್ಟಿನಲ್ಲಿ ಆನಿ ಮ್ಯಾಕ್‌ಲಿಯೋಡ್ ಅನ್ನುವ ರೈಡ್ ಇದೆ. ಕತ್ತಲಲ್ಲಿ ನಿಧಾನಕ್ಕೆ ಸಾಗುವ ಕುರ್ಚಿಯಲ್ಲಿ ಕೂತರೆ 1820ರ ಒಬ್ಬ ಹತ್ತು ವರ್ಷದ ಹುಡುಗಿಯ ನೆರಳು ಬಂದು ತನ್ನ ಕಥೆ ಹೇಳುತ್ತದೆ. ಚಿಕ್ಕ ಮಕ್ಕಳಿಗೆ ಇಷ್ಟವಾಗುತ್ತದೆ. ದೊಡ್ಡವರಿಗೆ ಹಳೇ ಕಾಲದ ಎಕ್ಸಿಬಿಷನ್ ಥರ ಅನ್ನಿಸಬಹುದು. ನಾನು ಅದನ್ನು ಬಿಟ್ಟು ಮೂರನೇ ಮಿಲ್ಲಿನ ನೂಲುವ ಯಂತ್ರದ ಹತ್ತಿರವೇ ಜಾಸ್ತಿ ಹೊತ್ತು ಇರುತ್ತೇನೆ. 19ನೇ ಶತಮಾನದ ಯಂತ್ರ, ಈಗ ಹತ್ತಿ ಬದಲು ಉಣ್ಣೆ ನೂಲುತ್ತದೆ. ಅದರ ಅರ್ಧ ಭಾಗ ಗಾಲಿಗಳ ಮೇಲೆ ನಿಮ್ಮ ಕಡೆಗೆ ಉರುಳಿ ಬರುತ್ತದೆ, ಬರುತ್ತಾ ಬರುತ್ತಾ ದಾರವನ್ನು ಎಳೆದು ಹೊಸೆಯುತ್ತದೆ, ಆಮೇಲೆ ದಡಕ್ಕನೆ ವಾಪಸ್ ಹೋಗಿ ಸುತ್ತಿಕೊಳ್ಳುತ್ತದೆ. ಹೀಗೆ ಹೋಗಿ ಬರುವ ಯಂತ್ರದ ಕೆಳಗೆ ತೂರಿ ಬಿದ್ದ ಹತ್ತಿ ಗುಡಿಸುವುದು, ಕಡಿದ ದಾರ ಗಂಟು ಹಾಕುವುದು ಅಂಥ ಮಿಲ್ಲುಗಳಲ್ಲಿ ಮಕ್ಕಳ ಕೆಲಸ. ಒಂದು ಸಲ ಅದು ಉರುಳಿ ಬರುವುದನ್ನು ಎದುರು ನಿಂತು ನೋಡಿ, ಗೋಡೆ ಮೇಲಿನ ಬರಹ ಎಷ್ಟು ಓದಿದರೂ ಆಗದ್ದು ಆಗ ಅರ್ಥವಾಗುತ್ತದೆ.

ಇನ್ನೊಂದು ಸಣ್ಣ ವಸ್ತು, ಜನ ನೋಡದೆ ದಾಟಿ ಹೋಗುತ್ತಾರೆ. ನಾಲ್ಕು ಮುಖಕ್ಕೆ ನಾಲ್ಕು ಬಣ್ಣ ಬಳಿದ ಮರದ ತುಂಡು. ಕಪ್ಪು, ನೀಲಿ, ಹಳದಿ, ಬಿಳಿ. ಪ್ರತಿಯೊಬ್ಬ ಕೆಲಸಗಾರನ ಹತ್ತಿರ ಒಂದು ನೇತಾಡುತ್ತಿತ್ತು. ನಿನ್ನೆ ಕೆಲಸ ಚೆನ್ನಾಗಿ ಮಾಡಿದ್ದರೆ ಬಿಳಿ ಮುಖ ಮುಂದೆ, ಕೆಟ್ಟದಾಗಿದ್ದರೆ ಕಪ್ಪು. ಓವನ್ ಬೈಯುತ್ತಿರಲಿಲ್ಲವಂತೆ, ಬಣ್ಣ ನೋಡಿಕೊಂಡು ಸುಮ್ನೆ ನಡೆದು ಹೋಗುತ್ತಿದ್ದನಂತೆ. ದಯಾಳು ಮಾಲೀಕ ಅಂತ ಹೊಗಳುವ ಜಾಗದಲ್ಲೇ ಇದನ್ನೂ ಇಟ್ಟಿದ್ದಾರೆ. ಐಟಿ ಕಂಪನಿಯಲ್ಲಿ ಅಪ್ರೈಸಲ್ ನೋಡಿದವರಿಗೆ ನಾನು ಬೇರೆ ವಿವರಿಸಬೇಕಾಗಿಲ್ಲ.

ಈಗ ಅಂಗಡಿಗಳು. ಆರು ಅಂಕ ಯಾಕೆ ಅಂದರೆ, ಹೋಲಿಸೋಕೆ ಇಲ್ಲೇ ಒಂದು ಒಳ್ಳೆಯ ಅಂಗಡಿ ಇತ್ತು. ಆ ಕಾಲದಲ್ಲಿ ಮಿಲ್ ಊರುಗಳ ಅಂಗಡಿಯವರು ಕಳಪೆ ಸಾಮಾನನ್ನು ಸಾಲದ ಮೇಲೆ ಜಾಸ್ತಿ ಬೆಲೆಗೆ ಮಾರುವುದು ಮಾಮೂಲು. ಓವನ್ ಸಗಟಿನಲ್ಲಿ ಒಳ್ಳೆಯ ಸಾಮಾನು ಕೊಂಡು ಕಡಿಮೆ ಲಾಭಕ್ಕೆ ಮಾರಿಸಿದ. ಬಂದ ಲಾಭವೂ ಶಾಲೆಗೆ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಸೇರಿ ಸಹಕಾರಿ ಅಂಗಡಿ ತೆರೆದರಲ್ಲ, ಅವರಿಗೆ ಓವನ್ ವಿಚಾರಗಳೇ ಸ್ಫೂರ್ತಿ. ನಮ್ಮೂರಿನ ಸೊಸೈಟಿ ಅಂಗಡಿಯ ದೂರದ ಅಜ್ಜಿ ಇದು ಅಂತ ಅಪ್ಪನಿಗೆ ಹೇಳಿದೆ, ಸೀಮೆಎಣ್ಣೆ ಕ್ಯೂ ಎಲ್ಲಿ ಅಂತ ಕೇಳಿದರು. ಆ ಹಳೆಯ ಅಂಗಡಿಯನ್ನು ಅದೇ ಕಾಲದ ಸಾಮಾನು ಜೋಡಿಸಿ ತೋರಿಸಿದ್ದಾರೆ, ಚೆನ್ನಾಗಿದೆ.

ಈಗಿನ ಅಂಗಡಿ ಅಂದರೆ ಹೆಚ್ಚಿನಂಶ ಪ್ರವಾಸಿಗಳಿಗೆ. ಮಗ್ಗು, ಟವೆಲ್ಲು, ಸೋಪು, ಬಿಸ್ಕತ್ತು ಡಬ್ಬಿ. ಇಲ್ಲಿ ವಾಸ ಇರುವವರು ಹಾಲು ಬ್ರೆಡ್ಡಿಗೆ ಗುಡ್ಡ ಹತ್ತಿ ಲ್ಯಾನಾರ್ಕ್ ಪೇಟೆಗೇ ಹೋಗಬೇಕು ಅನ್ನಿಸುತ್ತದೆ ನೋಡಿದರೆ. ಅದರಲ್ಲಿ ಎರಡಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಂದು, ಉಣ್ಣೆ ನೂಲು. ಮೇಲೆ ಯಂತ್ರದಲ್ಲಿ ನೂಲುವುದನ್ನು ನೋಡಿ ಬಂದು ಕೆಳಗೆ ಅದನ್ನೇ ಕೊಳ್ಳಬಹುದು, ಬಣ್ಣಗಳು ಸೊಗಸು, ಹೆಣೆಯುವವರು ಮನೆಯಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಸ್ವಲ್ಪ ಒರಟು, ಮೈಗೆ ನೇರ ತಾಗುವ ಬಟ್ಟೆಗಲ್ಲ, ಸ್ವೆಟರಿಗೆ ಸರಿ. ಎರಡನೆಯದು ಐಸ್‌ಕ್ರೀಂ. ಇಲ್ಲೇ ಮಾಡುತ್ತಾರೆ. ಗಾಳಿ ಮುಖಕ್ಕೆ ಹೊಡೆಯುವ ಚಳಿಯಲ್ಲೂ ಜನ ಕ್ಯೂ ನಿಂತು ತಿನ್ನುತ್ತಾರೆ, ನಾವೂ ತಿಂದೆವು.

ಊಟದ ವಿಷಯ ಬೇಗ ಮುಗಿಸುತ್ತೇನೆ. ಕೆಫೆಯಲ್ಲಿ ಸೂಪು, ಸ್ಯಾಂಡ್‌ವಿಚ್, ಸ್ಕೋನ್ ಸಿಗುತ್ತದೆ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಖುಷಿಯೂ ಪಡುವುದಿಲ್ಲ. ಅಮ್ಮ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು, ನದಿ ಪಕ್ಕದ ಬೆಂಚಿನ ಮೇಲೆ ಕೂತು ತಿಂದೆವು. ನೀವೂ ಹಾಗೇ ಮಾಡಿ. ರಾತ್ರಿ ಉಳಿಯುವವರಿಗೆ ಒಂದನೇ ಮಿಲ್ಲೇ ಈಗ ಹೋಟೆಲ್. ಪಕ್ಕದಲ್ಲಿ ನೀರಿಗೆ ಹೊಂದಿಕೊಂಡು ಸ್ವಂತ ಅಡುಗೆ ಮಾಡಿಕೊಳ್ಳುವ ಮನೆಗಳಿವೆ, ಮಕ್ಕಳು ಮರಿ ಇರುವ ಸಂಸಾರಕ್ಕೆ ಅದೇ ಅನುಕೂಲ. ಒಂದನೇ ಮಿಲ್ಲಿನ ಮೇಲಿನ ಮಹಡಿಗಳನ್ನು 1945ರಲ್ಲಿ ಕಿತ್ತು ಹಾಕಿದ್ದರು, ಹೋಟೆಲ್ ಮಾಡುವಾಗ ಮತ್ತೆ ಕಟ್ಟಿದ್ದು. ಯಾವ ಕಲ್ಲು ಹಳೆಯದು ಯಾವುದು ಹೊಸದು ಅಂತ ಹೊರಗೆ ನಿಂತು ಹುಡುಕಿ ನೋಡಿ, ಅಷ್ಟು ಸುಲಭಕ್ಕೆ ಗೊತ್ತಾಗುವುದಿಲ್ಲ.

ನೀರಿನ ಕಥೆ ಹೇಳದಿದ್ದರೆ ಅಪ್ಪ ಬಿಡುವುದಿಲ್ಲ. ನಾವು ಬೆಳಗಾವಿ ಕಡೆಯವರು. ಗೋಕಾಕ ಫಾಲ್ಸ್ ನೋಡಿದವರಿಗೆ ಇಲ್ಲಿ ಮಿಲ್ಲು ಯಾಕೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಘಟಪ್ರಭೆ 171 ಅಡಿ ಧುಮುಕುವ ಕಡೆ, ಅದೇ ನೀರಿನ ಬಲ ನಂಬಿ ಅಲ್ಲಿ ನೂಲಿನ ಗಿರಣಿ ಬಂತು, 1887ರಲ್ಲೇ ವಿದ್ಯುತ್ತೂ ಬಂತು. ಇಲ್ಲಿ ಕ್ಲೈಡ್ ನದಿ ಜಲಪಾತಗಳಾಗಿ ಇಳಿಯುತ್ತದೆ. ಬಂಡೆಯೊಳಗೆ ಸುರಂಗ ಕೊರೆದು ನೀರನ್ನು ಕಾಲುವೆಗೆ ತಂದು, ಮಿಲ್ಲುಗಳ ಬುಡದಲ್ಲಿ ಹರಿಸಿ ಚಕ್ರ ತಿರುಗಿಸುತ್ತಿದ್ದರು. ಆ ಕಾಲುವೆ ಈಗಲೂ ಹರಿಯುತ್ತದೆ. ಅದರ ನೀರಿನಿಂದ ಟರ್ಬೈನ್ ತಿರುಗಿಸಿ ಊರಿನ ಪ್ರವಾಸಿ ಭಾಗಕ್ಕೆ ಕರೆಂಟು ಮಾಡಿಕೊಳ್ಳುತ್ತಾರೆ. ಅಪ್ಪ ಕಾಲುವೆ ಪಕ್ಕದ ಗೋಡೆಗೆ ಒರಗಿ, ಗೇಟು ಎಲ್ಲಿ, ಬೇಸಿಗೆಯಲ್ಲಿ ನೀರು ಎಷ್ಟು ಇಳಿಯುತ್ತೆ, ಕಸ ಕಟ್ಟಿಕೊಂಡರೆ ಯಾರು ತೆಗೀತಾರೆ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿದ್ದೇ ಕೇಳಿದ್ದು. ಆ ಹುಡುಗ ಪಾಪ ಖುಷಿಯಿಂದಲೇ ಉತ್ತರ ಹೇಳಿದ.

ನದಿ ದಂಡೆಯ ಕಾಡುದಾರಿಯಲ್ಲಿ ನಡೆದರೆ ಕೊರಾ ಲಿನ್ ಜಲಪಾತ ಸಿಗುತ್ತದೆ. ದೊಡ್ಡ ಮಳೆ ಬಂದ ಮರುದಿನ ಹೋಗಿ. ಇಲ್ಲಿ 1920ರ ದಶಕದಿಂದ ವಿದ್ಯುತ್ ಕೇಂದ್ರ ಇದೆ, ಜಲಪಾತಕ್ಕಿಂತ ಮೇಲೆಯೇ ನೀರನ್ನು ಅದಕ್ಕೆ ತಿರುಗಿಸುವುದರಿಂದ ಒಣ ದಿನಗಳಲ್ಲಿ ಜಲಪಾತ ಸಪ್ಪೆ. ಜೋಗ ನೋಡಿದವರಿಗೆ ಈ ಬೇಸರವೂ ಹೊಸದಲ್ಲ.

ಕೆಡುಕುಗಳನ್ನೂ ಹೇಳಬೇಕು. ಮೂರನೇ ಮಿಲ್ಲಿಗೂ ಎಂಜಿನ್ ಹೌಸಿಗೂ ನಡುವೆ ಒಂದು ಗಾಜಿನ ಸೇತುವೆ ಕಟ್ಟಿದ್ದಾರೆ. ಅಷ್ಟೆಲ್ಲ ಆಂಟೆನಾಗೆ ಜಾಗ ಕೊಡದವರು ಅದಕ್ಕೆ ಹೇಗೆ ಒಪ್ಪಿದರೋ. ಬಂದವರಿಗೆ ಮಳೆ ತಾಗದೆ ದಾಟೋಕೆ ಅನುಕೂಲ ಅನ್ನುವುದು ನಿಜ, ಆದರೆ ಕಣ್ಣಿಗೆ ಚುಚ್ಚುತ್ತದೆ, ಇದನ್ನು ಟೀಕಿಸಿದವರಲ್ಲಿ ನಾನು ಮೊದಲಿನವನೂ ಅಲ್ಲ. ಅದಕ್ಕಿಂತ ದೊಡ್ಡ ಮಾತು ಹತ್ತಿಯದು. ಓವನ್ ಇಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದಾಗ ಮಿಲ್ಲಿಗೆ ಬರುತ್ತಿದ್ದ ಹತ್ತಿಯನ್ನು ಅಟ್ಲಾಂಟಿಕ್ ಆಚೆ ಗುಲಾಮರು ಬಿಡಿಸುತ್ತಿದ್ದರು. ಊರು ಕಟ್ಟಿದ ದುಡ್ಡಿನ ಒಂದು ತುದಿ ಅಲ್ಲಿದೆ. ಓವನ್‌ಗೆ ಕೊಟ್ಟ ಗೋಡೆಗಳಲ್ಲಿ ಒಂದೆರಡನ್ನು ಪೂರ್ತಿ ಆ ಕಥೆಗೇ ಬಿಟ್ಟುಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಬೆಂಗಳೂರಿನವರಿಗೆ ಇಲ್ಲಿ ಸ್ವಲ್ಪ ಹೊಟ್ಟೆ ಉರಿಯುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಂತ್ರಿ ಮಾಲ್ ಎದ್ದಿತು. ಬಿನ್ನಿ ಮಿಲ್ ಜಾಗಕ್ಕೆ ಅಪಾರ್ಟ್‌ಮೆಂಟ್ ಗೋಪುರಗಳು ಬಂದವು. ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಕಡೆ ಒರಾಯನ್ ಮಾಲ್, ಮನೆಗಳು, ಶಾಲೆ, ಆಸ್ಪತ್ರೆ, ಒಂದು ಕೆರೆ ಕೂಡ. ಅಲ್ಲೂ ಮನೆ ಬಂತು, ಅಂಗಡಿ ಬಂತು, ಆ ಮಟ್ಟಿಗೆ ತಪ್ಪೇನಿಲ್ಲ, ವೀಕೆಂಡಿನಲ್ಲಿ ನಾವೂ ಅಲ್ಲೇ ಇರುತ್ತಿದ್ದೆವು. ಆದರೆ ಮಿಲ್ಲಿನಲ್ಲಿ ದುಡಿದವರ ಮನೆ ಹೇಗಿತ್ತು ಅಂತ ಮಗಳಿಗೆ ತೋರಿಸೋಕೆ ಅಲ್ಲಿ ಒಂದು ಕೋಣೆಯೂ ಉಳಿದಿಲ್ಲ. ಅಲ್ಲಿನ ಎಕರೆ ಬೆಲೆ ಈ ಕಣಿವೆಯಲ್ಲಿ ಇದ್ದಿದ್ದರೆ ನ್ಯೂ ಲ್ಯಾನಾರ್ಕ್ ಕೂಡ ಉಳಿಯುತ್ತಿತ್ತಾ ಅನ್ನುವುದು ಅನುಮಾನವೇ. ಇಲ್ಲಿ ಊರು ಮೂಲೆಯಲ್ಲಿತ್ತು, ಯಾರಿಗೂ ಬೇಡವಾಗಿತ್ತು, ಅದೇ ಕಾಪಾಡಿತು.

ಹೋಗುವವರಿಗೆ ಕೊನೆಯದಾಗಿ. ಬೆಳಿಗ್ಗೆ ಬೇಗ ಹೋಗಿ, ಊರು ಸುತ್ತಿ, ಕೆಲಸಗಾರರ ಮನೆ ಮತ್ತು ನೂಲುವ ಯಂತ್ರ ನೋಡಿ, ಮಧ್ಯಾಹ್ನ ಜಲಪಾತದ ಕಡೆ ನಡೆಯಿರಿ. ದಾರಿ ಕೆಸರು, ಒಳ್ಳೆಯ ಬೂಟು ಹಾಕಿ. ಎರಡನೇ ಮಿಲ್ಲಿನ ಛಾವಣಿ ತೋಟಕ್ಕೆ ಹತ್ತುವುದನ್ನು ಮರೆಯಬೇಡಿ, ಅಲ್ಲಿಂದ ಮನೆಗಳ ಸಾಲು ಪೂರ್ತಿ ಕಾಣುತ್ತದೆ. ಮಳೆ ಇದ್ದರೆ ಕೊಡೆ ಬೇಡ, ಕಣಿವೆ ಗಾಳಿಗೆ ಉಲ್ಟಾ ಆಗುತ್ತದೆ, ಜರ್ಕಿನ್ನೇ ಸರಿ. ವಾಪಸ್ ಬಸ್ ಯಾವಾಗ ಅಂತ ಇಳಿಯುವಾಗಲೇ ಡ್ರೈವರನ್ನು ಕೇಳಿಟ್ಟುಕೊಳ್ಳಿ. ಜೊತೆಯಲ್ಲಿ ಅಪ್ಪ ಅಮ್ಮ ಇದ್ದರೆ ಆ ಏರು ಹತ್ತಿಸುವ ಸಾಹಸ ಬೇಡ.